ಕೊಡಗನ್ನು ಕಾಗದಕ್ಕೆ ಇಳಿಸುವುದು ಹೇಗೆ: ತಿರುಗಾಟ, ಬದುಕು, ನ್ಯಾಯ ಮೂರೂ ಸೇರಿದ ಚಿತ್ರಸರಣಿಗೆ ಒಂದು ಕೈಪಿಡಿ

ಕೊಡಗು ಅಂದ ತಕ್ಷಣ ಕಣ್ಣಿಗೆ ಬರುವ ಚಿತ್ರಗಳು ಎಲ್ಲರಿಗೂ ಗೊತ್ತು. ಮಂಜು, ಕಾಫಿ ಹೂವು, ಅಬ್ಬಿ ಜಲಪಾತ, ರಾಜಾಸೀಟಿನ ಸಂಜೆ, ನೆರಿಗೆಯನ್ನು ಹಿಂದಕ್ಕೆ ಹಾಕಿ ಸೀರೆ ಉಟ್ಟ ಹೆಣ್ಣುಮಗಳು. ಎಲ್ಲವೂ ನಿಜ, ಚೆಂದವೂ ಹೌದು. ಆದರೆ ಆ ಕಾಫಿಯನ್ನು ಕೊಯ್ದವರು ಎಲ್ಲಿ? ತೋಟದ ಕೆಲಸದವರು ಇರುವ ಲೈನ್ ಮನೆ ಎಲ್ಲಿ? ಆದಿವಾಸಿಗಳು ಇರುವ ಹಾಡಿ ಎಲ್ಲಿ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆ ಕಳೆದುಕೊಂಡವರು ಈಗ ಎಲ್ಲಿ ಒಲೆ ಹಚ್ಚುತ್ತಿದ್ದಾರೆ? ಇವನ್ನೆಲ್ಲ ಬಿಟ್ಟು ಬಿಡಿಸಿದರೆ ಅರ್ಧ ಕೊಡಗು ಮಾತ್ರ ಕಾಗದಕ್ಕೆ ಬರುತ್ತದೆ. ಚಿತ್ರ ಬಿಡಿಸುವ ಆಸೆ ಇರುವ, ಈ ಜಿಲ್ಲೆಯಲ್ಲಿ ಓಡಾಡಲು ಸಿದ್ಧ ಇರುವ ಯಾರಾದರೂ ಹತ್ತು ಹನ್ನೆರಡು ಚಿತ್ರಗಳ ಒಂದು ಸರಣಿಯನ್ನು ಕಾಗದದ ಮೇಲೆ ಹೇಗೆ ಮಾಡಬಹುದು ಅಂತ ಇಲ್ಲಿ ಬರೆದಿದ್ದೇನೆ. ಕಲಾಶಾಲೆಗೆ ಹೋಗಿರಬೇಕು ಅಂತೇನಿಲ್ಲ.

ಕಾಗದವೇ ಯಾಕೆ?

ಅಗ್ಗ, ಹಗುರ, ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬಹುದು. ಅಚ್ಚು ಹಾಕಿದರೆ ಒಂದೇ ಚಿತ್ರದ ಹಲವು ಪ್ರತಿ ಸಿಗುತ್ತವೆ, ಹಾಗಾಗಿ ಯಾರನ್ನು ಬಿಡಿಸಿದಿರೋ ಅವರಿಗೂ ಒಂದನ್ನು ಕೊಡಬಹುದು. ನನಗೆ ಇದೇ ದೊಡ್ಡ ಕಾರಣ.

ಕಾಗದ ಹಿಡಿದು ಜನರ ನಡುವೆ ಹೋದವರು ಮೊದಲಿಂದಲೂ ಇದ್ದಾರೆ. 1943ರ ಬಂಗಾಳದ ಬರಗಾಲದಲ್ಲಿ ಜೈನುಲ್ ಅಬೇದಿನ್ ಕಡಿಮೆ ಬೆಲೆಯ ಪ್ಯಾಕಿಂಗ್ ಕಾಗದದ ಮೇಲೆ ಕಪ್ಪು ಶಾಯಿ, ಕುಂಚ ಇಟ್ಟುಕೊಂಡು ಹಸಿದವರನ್ನು ಬಿಡಿಸಿದರು. ಅದೇ ಬರಗಾಲದಲ್ಲಿ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳಲ್ಲಿ ನಡೆದು, ಬಿಡಿಸಿ, ಪಕ್ಕದಲ್ಲೇ ಬರೆದರು. ಅದೆಲ್ಲ ಸೇರಿ ಒಂದು ಪುಸ್ತಿಕೆಯಾಯಿತು, ಅದರ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಶಾಯಿಯ ಗೆರೆಗೆ ಸರ್ಕಾರ ಅಷ್ಟು ಹೆದರಿತ್ತು ಅಂದರೆ ಆ ಗೆರೆಗಳಲ್ಲಿ ಎಷ್ಟು ಬಲ ಇದ್ದಿರಬೇಕು, ಯೋಚಿಸಿ.

ಇನ್ನೊಬ್ಬರು ಎಲಿಜಬೆತ್ ಕ್ಯಾಟ್ಲೆಟ್. ಅಮೆರಿಕದ ಕಪ್ಪು ಕಲಾವಿದೆ. 1946ರಲ್ಲಿ ಮೆಕ್ಸಿಕೋಗೆ ಹೋಗಿ, ಅಲ್ಲಿನ ಜನರಿಗಾಗಿ ಅಚ್ಚು ಹಾಕುತ್ತಿದ್ದ ಕಲಾವಿದರ ಕಾರ್ಯಾಗಾರ ಸೇರಿಕೊಂಡರು. 1952ರಲ್ಲಿ ಅವರು ಲಿನೋ ಅನ್ನುವ ಮೆತ್ತಗಿನ ಹಾಳೆಯಲ್ಲಿ ಕೆತ್ತಿ ಅಚ್ಚು ಹಾಕಿದ, ಪಾಲಿಗೆ ಬೇಸಾಯ ಮಾಡುವ ಹೆಣ್ಣುಮಗಳ ಚಿತ್ರವನ್ನು ಇಂಟರ್ನೆಟ್‌ನಲ್ಲಿ ಹುಡುಕಿ ನಿಧಾನವಾಗಿ ನೋಡಿ. ಅಗಲದ ಹುಲ್ಲಿನ ಟೋಪಿ, ಗಟ್ಟಿ ಮುಖ, ಮೇಲಂಗಿಯನ್ನು ಹಿಡಿದು ನಿಲ್ಲಿಸಿರುವ ಒಂದು ಪಿನ್ನು. ಬಡತನದ ಬಗ್ಗೆ ಬೇರೇನೂ ಬಿಡಿಸಿಲ್ಲ. ಆ ಪಿನ್ನೇ ಸಾಕಾಗಿದೆ. ಕಣ್ಣೀರಿಲ್ಲ, ಚಾಚಿದ ಕೈಯಿಲ್ಲ, ಹೆಣ್ಣುಮಗಳು ತಲೆ ಎತ್ತಿ ನಿಂತಿದ್ದಾಳೆ. ನಾವು ಕಲಿಯಬೇಕಾದ್ದು ಇದನ್ನೇ.

ಒಂದು ದಾರಿ ಹಿಡಿಯಿರಿ

"ಕೊಡಗು" ಅನ್ನೋದು ಸರಣಿಗೆ ವಿಷಯವಾಗೋದಿಲ್ಲ, ಅದು ತುಂಬಾ ದೊಡ್ಡದು. ಒಂದು ಎಳೆ ಬೇಕು. ಭಾಗಮಂಡಲದಿಂದ ಕುಶಾಲನಗರದವರೆಗೆ ಕಾವೇರಿಯ ಜೊತೆ ಹೋಗಬಹುದು. ಗಿಡದಿಂದ ಕಣಕ್ಕೆ, ಕಣದಿಂದ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕ್ಯೂರಿಂಗ್‌ಗೆ ಹೋಗುವ ಕಾಫಿಯ ಹಿಂದೆ ಬೀಳಬಹುದು. ಮಡಿಕೇರಿಯ ಶುಕ್ರವಾರದ ಸಂತೆ ಒಂದನ್ನೇ ವರ್ಷವಿಡೀ ಬಿಡಿಸಬಹುದು. ಅಥವಾ ಮನೆಗಳು: ಕೊಡವ ಕುಟುಂಬಗಳ ಹಿರಿಯ ಮನೆಯಾದ ಐನ್‌ಮನೆ, ಲೈನ್ ಮನೆ, ಹಾಡಿಯ ಗುಡಿಸಲು, ಮಣ್ಣು ಕುಸಿತದ ಸಂತ್ರಸ್ತರಿಗೆ ಜಂಬೂರಿನಲ್ಲಿ ಕಟ್ಟಿಕೊಟ್ಟ ಸಾಲು ಮನೆಗಳು. ನನ್ನನ್ನು ಕೇಳಿದರೆ ಈ ಕೊನೆಯದೇ ಒಳ್ಳೆಯದು, ಯಾಕೆಂದರೆ ನಾಲ್ಕನ್ನೂ ಪಕ್ಕಪಕ್ಕ ತೂಗುಹಾಕಿದರೆ ನೀವು ಒಂದು ಮಾತೂ ಆಡಬೇಕಿಲ್ಲ.

ಓಡಾಟಕ್ಕೆ ಕಾರಿಗಿಂತ ಬಸ್ಸು ಒಳ್ಳೆಯದು. ಬಸ್ ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತೇ ಬಿಡಿಸುವ ಹೊತ್ತು. ಕಾಲವನ್ನೂ ನೋಡಿಕೊಳ್ಳಿ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರು, ಅದು ಮುಗಿಯುತ್ತಾ ಬಂದ ಹಾಗೆ ರೋಬಸ್ಟಾ. ಆಗ ತೋಟದಲ್ಲಿ ಜನ ಇರುತ್ತಾರೆ, ಕಣದಲ್ಲಿ ಕಾಫಿ ಹರಡಿರುತ್ತದೆ, ಬೆಳಕೂ ಚೆನ್ನಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕೂತು ಬಿಡಿಸುವ ಆಸೆ ಬಿಟ್ಟುಬಿಡಿ, ಆದರೆ ಅಂಗಡಿ ಜಗಲಿಯಲ್ಲಿ ಕೂತು ಮಳೆಯನ್ನು ನೋಡಿ. ಮಳೆ ಇಲ್ಲದ ಕೊಡಗಿನ ಸರಣಿಯನ್ನು ಇಲ್ಲಿಯವರು ಯಾರೂ ನಂಬೋದಿಲ್ಲ.

ಮೊದಲು ಕೇಳಿ, ಆಮೇಲೆ ಪೆನ್ಸಿಲ್

ತೋಟ ಖಾಸಗಿ ಜಾಗ. ಮಾಲೀಕರನ್ನೋ, ಲೆಕ್ಕ ಬರೆಯುವ ರೈಟರನ್ನೋ, ಮೇಸ್ತ್ರಿಯನ್ನೋ ಕೇಳಿ ಒಳಗೆ ಹೋಗಿ. ಆದರೆ ಮಾಲೀಕರು ಹೂಂ ಅಂದರೆ ಕೆಲಸದವರೂ ಹೂಂ ಅಂದ ಹಾಗಾಗೋದಿಲ್ಲ. ಅವರನ್ನು ಬೇರೆಯಾಗಿ ಕೇಳಬೇಕು, ಅದೂ ಮೇಸ್ತ್ರಿ ಪಕ್ಕದಲ್ಲಿ ಇಲ್ಲದಾಗ. "ಅಕ್ಕಾ, ನೀವು ಕೆಲಸ ಮಾಡೋದನ್ನ ನೋಡಿ ಚಿತ್ರ ಬಿಡಿಸಲಾ? ಇದನ್ನ ಮಡಿಕೇರಿಯಲ್ಲಿ ಜನ ನೋಡೋ ಹಾಗೆ ಇಡ್ತೀನಿ, ಬೇಡ ಅಂದ್ರೆ ಇಡಲ್ಲ" ಅಂತ ನೇರವಾಗಿ ಹೇಳಿ. ಬೇಡ ಅಂದರೆ ನೋಟ್‌ಬುಕ್ ಮುಚ್ಚಿ, ಕೂತು ಮಾತಾಡಿ, ಟೀ ಕುಡಿದು ಬನ್ನಿ. ಅಸ್ಸಾಂ, ಬಂಗಾಳದಿಂದ ಬಂದವರ ಜೊತೆ ಭಾಷೆ ಅರ್ಥವಾಗದಿದ್ದರೆ ಗೊತ್ತಿರುವವರೊಬ್ಬರನ್ನು ಕರೆದುಕೊಂಡು ಹೋಗಿ, ತಲೆ ಆಡಿಸಿದ್ದನ್ನೇ ಒಪ್ಪಿಗೆ ಅಂದುಕೊಳ್ಳಬೇಡಿ.

ಕೆಲವರಿಗೆ ಮುಖ ಕಾಣಿಸಿದರೆ ತೊಂದರೆ. ಮುಂಗಡ ತೆಗೆದುಕೊಂಡವರು, ಕೂಲಿ ಬಗ್ಗೆ ಜಗಳ ಇರುವವರು, ಜಾಗದ ಕೇಸು ನಡೆಯುತ್ತಿರುವವರು. ಅಂಥವರ ಕೈ ಬಿಡಿಸಿ, ಬೆನ್ನು ಬಿಡಿಸಿ, ಬಾಗಿಲಲ್ಲಿ ಬಿಟ್ಟ ಗಂಬೂಟು ಬಿಡಿಸಿ. ಕೈಗಳಲ್ಲಿ ಹೇಳಲು ಬೇಕಾದಷ್ಟಿದೆ.

ಹಬ್ಬ, ದೇವರ ವಿಷಯದಲ್ಲೂ ಇದೇ ಮಾತು. ಕೈಮಡ (ಹಿರಿಯರ ಗುಡಿ), ದೇವರಕಾಡು, ತೆರೆ (ದೈವದ ವೇಷ) ಕಟ್ಟುವ ಜಾಗಗಳಲ್ಲಿ ಮನೆಯ ಹಿರಿಯರನ್ನು ಕೇಳದೆ ಬಿಡಿಸಬೇಡಿ. ದೇವರಪುರದ ಕುಂಡೆ ಹಬ್ಬವನ್ನು ನೋಡಲು ಹೋಗುವವರು ಬೈಗುಳ, ವೇಷ ಅಷ್ಟನ್ನೇ ಬಿಡಿಸಿಕೊಂಡು ಬರುತ್ತಾರೆ. ಅದು ಆದಿವಾಸಿಗಳು ವರ್ಷಕ್ಕೊಮ್ಮೆ ದೇವರನ್ನೇ ಬೈದು, ಕುಣಿದು, ಕಾಣಿಕೆ ಎತ್ತಿ, ಕೊನೆಗೆ ಭದ್ರಕಾಳಿಯ ಮುಂದೆ ಒಪ್ಪಿಸುವ ಹಬ್ಬ. ಹಿಂದಿನ ದಿನವೇ ಹೋಗಿ, ವೇಷ ಕಟ್ಟಿಕೊಳ್ಳುವವರ ಜೊತೆ ಕೂತರೆ ನಿಮ್ಮ ಚಿತ್ರವೇ ಬೇರೆ ಆಗುತ್ತದೆ.

ಬಟ್ಟೆಬರೆಯ ವಿವರದಲ್ಲಿ ಅವಸರ ಬೇಡ. ಕೊಡವರ ಕುಪ್ಯ (ಉದ್ದ ಕೋಟು), ಚೇಲೆ (ಸೊಂಟದ ಪಟ್ಟಿ), ಪೀಚೆಕತ್ತಿ (ಸಣ್ಣ ಕತ್ತಿ) ಬಿಡಿಸುವಾಗ ತುಂಬಾ ಜನ ಕತ್ತಿಯನ್ನು ಎಲ್ಲೆಲ್ಲೋ ಸಿಕ್ಕಿಸುತ್ತಾರೆ. ಪೀಚೆಕತ್ತಿ ಸೊಂಟದ ಮುಂದೆ ಚೇಲೆಯಲ್ಲಿರುತ್ತದೆ, ದೊಡ್ಡ ಒಡಿಕತ್ತಿ ಹಿಂದೆ, ಕತ್ತಿ ಸಿಕ್ಕಿಸುವ ತೊಡಂಗ್‌ನಲ್ಲಿರುತ್ತದೆ. ಅರೆಭಾಷೆ ಗೌಡರು, ಯರವರು, ಜೇನುಕುರುಬರು, ಬೆಟ್ಟಕುರುಬರು, ಮಾಪಿಳ್ಳೆಗಳು, ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರು, ಎಲ್ಲರೂ ನಮ್ಮ ದಾರಿಯಲ್ಲಿ ಸಿಗುವವರೇ. ಅಲ್ಲಿನ ಪ್ರಾರ್ಥನೆಯ ಬಾವುಟಗಳನ್ನು ಹತ್ತಿರದಿಂದ ನೋಡಿ. ಅವು ಹಿಂದಿನಿಂದಲೂ ಮರದ ಅಚ್ಚಿನಲ್ಲಿ ಒತ್ತುವಂಥವು, ಊರು ಬಿಟ್ಟು ಬಂದವರ ಜೊತೆಗೇ ಬಂದ ಅಚ್ಚಿನ ಕಲೆ.

ಸ್ಥಳದಲ್ಲಿ ಬಿಡಿಸುವ ರೀತಿ

ಅಂಗೈಯಗಲದ ನೋಟ್‌ಬುಕ್, ಒಂದು 4ಬಿ ಪೆನ್ಸಿಲ್, ನೀರಿಗೆ ಕರಗದ ಶಾಯಿಯ ಪೆನ್ನು, ನೀರು ತುಂಬುವ ಕುಂಚ. ಇಷ್ಟೇ. ಮೊದಲು ಅರ್ಧ ನಿಮಿಷದ ಗೀಚುಗಳು: ಬಾಗಿದ ಬೆನ್ನು, ಚೀಲ ಎತ್ತುವ ಭುಜ, ಏಣಿ ಹತ್ತಿ ಕರಿಮೆಣಸು ಕೊಯ್ಯುವವರು. ಮುಖದಿಂದ ಶುರು ಮಾಡಬೇಡಿ, ಭಾರ ಎಲ್ಲಿ ಬಿದ್ದಿದೆ ಅಂತ ನೋಡಿ ಅಲ್ಲಿಂದ ಶುರು ಮಾಡಿ. ಆಮೇಲೆ ಒಂದೇ ವಸ್ತುವನ್ನು ಪೂರ್ತಿ ಬಿಡಿಸಿ. ಕ್ಯಾಟ್ಲೆಟ್ ಅವರ ಪಿನ್ನಿನ ಥರ ನಿಮಗೂ ಒಂದು ವಸ್ತು ಸಿಗಬೇಕು. ಲೈನ್ ಮನೆಯ ಗೋಡೆಗೆ ಹೊಡೆದ ಮೊಳೆಯಲ್ಲಿ ತೂಗುವ ಬುತ್ತಿ, ಐನ್‌ಮನೆಯ ಕಂಬಗಳ ನಡುವಿನ, ಕೂತೂ ಕೂತೂ ನುಣುಪಾದ ಐಮರ ಅನ್ನುವ ಹಲಗೆ, ಜಾರಿದ ಗುಡ್ಡದ ಅಂಚಿನಲ್ಲಿ ಇನ್ನೂ ನಿಂತಿರುವ ಗೇಟು.

ಫೋಟೋ ತೆಗೆಯಬೇಡಿ ಅನ್ನೋದಿಲ್ಲ, ವಿವರಕ್ಕೆ ಬೇಕಾಗುತ್ತದೆ. ಆದರೆ ಫೋಟೋ ನೋಡಿಯೇ ಬಿಡಿಸಿದರೆ ಎಲ್ಲವೂ ಒಂದೇ ತೂಕದಲ್ಲಿ ಬರುತ್ತವೆ, ನೀವು ಅಲ್ಲಿ ನಿಂತು ಏನನ್ನು ಕಂಡಿರಿ ಅನ್ನೋದು ಮಾಯವಾಗುತ್ತದೆ. ಹಳೆಯದನ್ನು ನೋಡಿ ಕೈ ಪಳಗಿಸಬೇಕು ಅಂದರೆ ಕಕ್ಕಬ್ಬೆ ಕಡೆಯ ನಾಲ್ಕುನಾಡು ಅರಮನೆಗೆ ಹೋಗಿ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು, ಮರದ ಕೆತ್ತನೆ, ಗೋಡೆಯ ಚಿತ್ರ ಎರಡೂ ಇವೆ, ಜನ ಕಡಿಮೆ.

ನೆನಪಿನ ನಕ್ಷೆ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ 500ಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಿದರು. ಜನ ಚಳಿಯಲ್ಲಿ ಮರದಡಿ ಕೂತು ಹೋರಾಡಿದರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಮನೆ ಕಟ್ಟಿಕೊಟ್ಟರು. ನಾಗರಹೊಳೆ ಕಾಡಿನಿಂದ ಹೊರಬಂದ ಜೇನುಕುರುಬ ಕುಟುಂಬಗಳ ಕತೆ ಇದಕ್ಕಿಂತ ಹಳೆಯದು. ಇವರಲ್ಲಿ ಎಷ್ಟೋ ಜನರ ಹಳೆಯ ಹಾಡಿ, ಕೆರೆ, ದೇವರ ಮರ, ಹೂಳಿದ ಜಾಗ ಯಾವ ಮುದ್ರಿತ ನಕ್ಷೆಯಲ್ಲೂ ಕಾಣೋದಿಲ್ಲ. ಅಜ್ಜ ಅಜ್ಜಿಯರ ತಲೆಯಲ್ಲಿ ಮಾತ್ರ ಇದೆ.

2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಇಂಥದ್ದಕ್ಕೆ ಬೆಲೆ ಕೊಡುತ್ತವೆ. ಹಕ್ಕಿಗೆ ಅರ್ಜಿ ಹಾಕುವಾಗ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಹಳೆಯ ಬಾವಿ, ಸ್ಮಶಾನ, ಪೂಜೆಯ ಜಾಗ ಇವೂ ಸಾಕ್ಷ್ಯವೇ. ನೀವು ಬಿಡಿಸಿದ ಚಿತ್ರ ಕಾನೂನಿನ ದಾಖಲೆ ಅಂತ ಯಾರಿಗೂ ಆಸೆ ಹುಟ್ಟಿಸಬೇಡಿ. ಆದರೆ ಹಿರಿಯರು ತಮ್ಮ ಜಾಗವನ್ನು ನೆನಪಿಸಿಕೊಂಡು ಹೇಳುವುದಕ್ಕೆ ಒಂದು ದೊಡ್ಡ ಹಾಳೆ ತುಂಬಾ ನೆರವಾಗುತ್ತದೆ.

ಮಾಡುವ ಬಗೆ ಹೀಗೆ. ದೊಡ್ಡ ಡ್ರಾಯಿಂಗ್ ಹಾಳೆಯನ್ನು ನೆಲದ ಮೇಲೆ ಹಾಸಿ, ಪೆನ್ಸಿಲನ್ನು ಅಜ್ಜಿಯ ಕೈಗೇ ಕೊಡಿ. ಬೇಡ ಅಂದರೆ ಕಲ್ಲು, ಎಲೆ, ಬೀಜ ಇಟ್ಟು ತೋರಿಸಲಿ, ಅವರು ತೋರಿಸಿದ ಕಡೆ ನೀವು ಗುರುತು ಹಾಕಿ. ಉತ್ತರ ದಕ್ಷಿಣದ ಚಿಂತೆ ಬೇಡ. ಹೊಳೆ ಎಲ್ಲಿತ್ತು, ಅಲ್ಲಿಂದ ಎಷ್ಟು ದೂರ ನಡೆಯಬೇಕಿತ್ತು ಅಂತ ಕೇಳುತ್ತಾ ಹೋಗಿ, ಹೆಸರುಗಳನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಮಕ್ಕಳು ಸುತ್ತ ಸೇರಿದರೆ ಅವರೂ ಬಿಡಿಸಲಿ. ಕೊನೆಗೆ ಒಂದು ಮಾತು ಕೇಳಿ: ಇದರಲ್ಲಿ ಯಾವುದನ್ನು ಹೊರಗಿನವರಿಗೆ ತೋರಿಸಬಾರದು? ದೇವರ ಜಾಗ, ಔಷಧಿ ಗಿಡದ ಜಾಗ ಬೇಡ ಅನ್ನಬಹುದು. ಅದನ್ನು ನಿಮ್ಮ ಪ್ರತಿಯಿಂದ ಬಿಟ್ಟುಬಿಡಿ. ಮೂಲ ಹಾಳೆ ಅವರ ಹತ್ತಿರವೇ ಇರಲಿ, ನೀವು ನಕಲು ಮಾಡಿಕೊಂಡು ಬನ್ನಿ. ಪ್ರದರ್ಶನದಲ್ಲಿ ಅದರ ಕೆಳಗೆ ಬಿಡಿಸಿದವರ ಹೆಸರೇ ಬರಬೇಕು, ಅವರು ಒಪ್ಪಿದರೆ. ಹಾಡಿ ಕಾಡಿನ ಒಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ನಿಮ್ಮಿಂದ ಅಲ್ಲಿನವರಿಗೆ ಕಿರಿಕಿರಿ ಆಗಬಾರದು ನೋಡಿ.

ಶಾಯಿ, ಮಳೆ, ಮಣ್ಣು

ಮನೆಗೆ ಬಂದ ಮೇಲೆ ದೊಡ್ಡ ಚಿತ್ರಗಳು. ಶಾಯಿಗೆ ನೀರು ಬೆರೆಸಿ ಬಳಿಯುವ ಕೆಲಸಕ್ಕೆ ದಪ್ಪನೆಯ, 300 ಜಿಎಸ್‌ಎಮ್ ಹತ್ತಿ ಕಾಗದ ತೆಗೆದುಕೊಳ್ಳಿ, ಅದಕ್ಕಿಂತ ತೆಳ್ಳಗಿದ್ದರೆ ಅಲೆಅಲೆಯಾಗುತ್ತದೆ. ಪುದುಚೇರಿಯ ಆಶ್ರಮದ ಕೈಕಾಗದವೂ ಚೆನ್ನಾಗಿದೆ, ಆದರೆ ಕೆಲವು ಬಗೆ ಶಾಯಿಯನ್ನು ಹೀರಿ ಗೆರೆ ಹರಡಿಸುತ್ತವೆ, ಮೂಲೆಯಲ್ಲಿ ಪರೀಕ್ಷೆ ಮಾಡಿ. ಆಸಿಡ್ ಇಲ್ಲದ ಕಾಗದ ಅಂತಲೇ ಕೇಳಿ ತನ್ನಿ, ಇಲ್ಲವಾದರೆ ಕೆಲವು ವರ್ಷಕ್ಕೆ ಹಳದಿಯಾಗುತ್ತದೆ.

ಮಂಜಿಗೆ ಬಿಳಿ ಬಣ್ಣ ಬೇಡ, ಕಾಗದದ ಬಿಳಿಯನ್ನೇ ಬಿಡಿ. ಹಿಂದಿನ ಸಿಲ್ವರ್ ಓಕ್ ಸಾಲು ತೀರಾ ತೆಳು, ಮುಂದಿನ ಮರ ಗಾಢ, ನಡುವೆ ಖಾಲಿ, ಅಷ್ಟೇ ಸಾಕು. ಮಳೆಗೆ ಮೇಣದಬತ್ತಿ. ಒಣ ಕಾಗದದ ಮೇಲೆ ಬತ್ತಿಯ ಅಂಚಿನಿಂದ ಓರೆ ಗೆರೆಗಳನ್ನು ಒತ್ತಿ ಎಳೆದು, ಮೇಲೆ ತೆಳು ಮಾಡಿದ ಕಪ್ಪು ಶಾಯಿ ಬಳಿಯಿರಿ. ಮೇಣ ಇದ್ದಲ್ಲಿ ಶಾಯಿ ಹಿಡಿಯೋದಿಲ್ಲ, ಮಳೆ ಬೆಳ್ಳಗೆ ಎದ್ದು ಬರುತ್ತದೆ.

ಕಾಫಿ ಡಿಕಾಕ್ಷನ್‌ನಲ್ಲಿ ಬಿಡಿಸುವುದು ಈಗ ಎಲ್ಲ ಕಡೆ ಇದೆ. ನೋಟ್‌ಬುಕ್‌ಗೆ ಸರಿ, ಮಾರುವ ಅಥವಾ ಉಳಿಸುವ ಚಿತ್ರಕ್ಕೆ ನಾನು ಬೇಡ ಅಂತೀನಿ. ಬೆಳಕಿಗೆ ಮಾಸುತ್ತದೆ, ನಮ್ಮ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಅದರ ಬದಲು ಮಣ್ಣಿನ ಬಣ್ಣ ಮಾಡಿ. ಕೆಂಪು ಮಣ್ಣಿನ ಬಣ್ಣ ಕಬ್ಬಿಣದಿಂದ ಬಂದದ್ದು, ಬಿಸಿಲಿಗೆ ಮಾಸೋದಿಲ್ಲ. ಒಂದು ಹಿಡಿ ಒಣ ಮಣ್ಣನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ನೀರಿಗೆ ಹಾಕಿ ಕದಡಿ. ಒಂದು ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿ, ಉಳಿದ ನುಣ್ಣನೆಯ ಕೆಸರನ್ನು ಒಣಗಿಸಿ ಪುಡಿ ಮಾಡಿ. ಒಂದು ಪಾಲು ಗಮ್ ಅರಾಬಿಕ್ ಗೋಂದನ್ನು ಎರಡು ಪಾಲು ಬಿಸಿನೀರಲ್ಲಿ ಕರಗಿಸಿ, ಕೆಲವು ಹನಿ ಜೇನುತುಪ್ಪ ಬೆರೆಸಿ, ಬಣ್ಣ ಬಿರುಕು ಬಿಡದಿರಲು. ಒಂದೆರಡು ಲವಂಗ ಹಾಕಿಟ್ಟರೆ ಬೂಷ್ಟು ತಡವಾಗುತ್ತದೆ. ಇದರಲ್ಲಿ ಪುಡಿಯನ್ನು ಗಾಜಿನ ಮೇಲೆ ಚೆನ್ನಾಗಿ ಅರೆದರೆ ಜಲವರ್ಣ ಸಿದ್ಧ.

2018ರಲ್ಲಿ ಜಾರಿದ ಗುಡ್ಡದ ಮಣ್ಣಿನಿಂದ ಆ ಗುಡ್ಡವನ್ನು ಬಿಡಿಸುವ ಯೋಚನೆ ನಿಮಗೂ ಬಂದಿರಬಹುದು. ಒಳ್ಳೆಯ ಯೋಚನೆಯೇ. ಆದರೆ ಆ ಮಣ್ಣಿನಡಿ ಯಾರದ್ದೋ ಮನೆ ಇದೆ, ಕೆಲವು ಕಡೆ ಮನೆಯವರೇ ಹೋಗಿದ್ದಾರೆ. ಅಲ್ಲಿನವರನ್ನು ಕೇಳಿ, ಯಾಕೆ ಬೇಕು ಅಂತ ಹೇಳಿ, ಅವರು ಕೊಟ್ಟರೆ ಮಾತ್ರ ತನ್ನಿ.

ಲಿನೋ ಅಚ್ಚು

ಸರಣಿಯಲ್ಲಿ ಎರಡು ಮೂರಾದರೂ ಅಚ್ಚು ಚಿತ್ರ ಇರಲಿ. ಮೂರು ಮಿಲಿಮೀಟರ್ ದಪ್ಪದ ಲಿನೋ ತುಂಡು, ವಿ ಮತ್ತು ಯು ಬಾಯಿಯ ಉಳಿಗಳು, ಒಂದು ರೋಲರ್, ಅಚ್ಚಿನ ಶಾಯಿ, ಗಾಜಿನ ಹಲಗೆ, ಒಂದು ಸ್ಟೀಲ್ ಚಮಚ. ಪ್ರೆಸ್ ಬೇಡ. ಬೆಂಗಳೂರು, ಮೈಸೂರಿನ ಕಲಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ತರಿಸಬಹುದು.

ಟ್ರೇಸಿಂಗ್ ಕಾಗದದಲ್ಲಿ ಚಿತ್ರ ತೆಗೆದು, ಮಗುಚಿ ಲಿನೋ ಮೇಲೆ ಇಳಿಸಿ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆ. ಅಕ್ಷರ ಇದ್ದರೆ ಇನ್ನೂ ಜಾಗ್ರತೆ, ಕೊಡವ ಸೀರೆಯ ಸೆರಗಿನ ಗಂಟು ಬಲ ಭುಜದಿಂದ ಎಡಕ್ಕೆ ಹೋದರೂ ಊರಿನವರು ನಗುತ್ತಾರೆ. ಯಾವುದು ಬಿಳಿಯಾಗಬೇಕೋ ಅದನ್ನು ಕೆತ್ತಿ, ಕಪ್ಪು ಬೇಕಾದ್ದನ್ನು ಬಿಡಿ. ಮೊದಲು ವಿ ಉಳಿಯಿಂದ ಅಂಚು, ಆಮೇಲೆ ಯು ಉಳಿಯಿಂದ ಬಯಲು. ಹಿಡಿದಿರುವ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕು, ಮುಂದೆ ಇಟ್ಟರೆ ಗಾಯ ಖಂಡಿತ. ಡಿಸೆಂಬರ್ ಚಳಿಯಲ್ಲಿ ಲಿನೋ ಗಟ್ಟಿಯಾಗಿ ಉಳಿ ಜಾರುತ್ತದೆ, ಸ್ವಲ್ಪ ಹೊತ್ತು ಬಿಸಿಲಲ್ಲಿ ಇಟ್ಟರೆ ಮೆತ್ತಗಾಗುತ್ತದೆ.

ಗಾಜಿನ ಮೇಲೆ ಶಾಯಿಯನ್ನು ತೆಳುವಾಗಿ ಹರಡಿ, ರೋಲರ್ ಉರುಳಿಸುವಾಗ ಸಣ್ಣಗೆ ಚರಚರ ಸದ್ದು ಬಂದರೆ ಹದ ಸರಿ. ಪಚಪಚ ಅಂದರೆ ಜಾಸ್ತಿಯಾಗಿದೆ, ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಚಮಚದಿಂದ ತಿಕ್ಕಲು ತೆಳು ಕಾಗದವೇ ಒಳ್ಳೆಯದು. ಕಾಗದ ಇಟ್ಟು, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಒತ್ತಿ ತಿಕ್ಕಿ, ಒಂದು ಮೂಲೆ ಎತ್ತಿ ನೋಡಿ, ಶಾಯಿ ಹಿಡಿಯದ ಕಡೆ ಮತ್ತೆ ತಿಕ್ಕಿ. ಎಣ್ಣೆ ಶಾಯಿ ಒಣಗಲು ದಿನಗಳೇ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒಂದರ ಮೇಲೊಂದು ಇಡಬೇಡಿ, ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡಿ.

ಎಷ್ಟು ಪ್ರತಿ ಅಂತ ಮೊದಲೇ ತೀರ್ಮಾನಿಸಿ. ಇಪ್ಪತ್ತು ಅಂದರೆ ಕೆಳಗೆ ಪೆನ್ಸಿಲಿನಲ್ಲಿ 1/20, 2/20 ಅಂತ ಬರೆದು ಸಹಿ ಹಾಕಿ, ಆಮೇಲೆ ಇಪ್ಪತ್ತೊಂದನೆಯದನ್ನು ಮಾರಬೇಡಿ.

ಮಳೆಗಾಲ ದಾಟಿಸುವುದು

ಕೊಡಗಿನಲ್ಲಿ ಕಾಗದಕ್ಕೆ ಶತ್ರು ತೇವ. ಹೊರಗೋಡೆಗೆ ಚಿತ್ರ ತೂಗುಹಾಕಬೇಡಿ, ನೆಲಕ್ಕೆ ತಾಗಿಸಿ ಇಡಬೇಡಿ. ಆಸಿಡ್ ಇಲ್ಲದ ಹಾಳೆಗಳ ನಡುವೆ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಬಿಸಿಲು ಬಿದ್ದ ದಿನ ಜೆಲ್ ಬದಲಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ತೇವ ಒಳಗೇ ಉಳಿದು ಕಂದು ಚುಕ್ಕೆ ಬರುತ್ತದೆ. ಫ್ರೇಮ್ ಹಾಕಿಸುವಾಗ ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಮೌಂಟ್ ಬೋರ್ಡ್ ಇರಲಿ.

ತೋರಿಸುವುದು, ಮಾರುವುದು

ಮೊದಲ ಪ್ರದರ್ಶನ ಎಲ್ಲಿ ಬಿಡಿಸಿದಿರೋ ಅಲ್ಲೇ ಆಗಲಿ. ಹಾಡಿಯ ಅಂಗನವಾಡಿ, ಲೈನ್ ಮನೆಯ ಅಂಗಳ, ಸಮುದಾಯ ಭವನ. ಭಾನುವಾರ ಸಂಜೆ, ಎರಡು ಮರಗಳ ನಡುವೆ ಹಗ್ಗ, ಕ್ಲಿಪ್ಪು. "ನನ್ನ ಕೈ ಹೀಗಿಲ್ಲ" ಅಂತ ಯಾರಾದರೂ ಹೇಳಿದರೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇರೆ ಸಿಗೋದಿಲ್ಲ, ತಿದ್ದಿ. ಬೇಡ ಅಂದ ಚಿತ್ರವನ್ನು ಸರಣಿಯಿಂದ ತೆಗೆದುಬಿಡಿ, ಅದು ನಿಮ್ಮ ಅತ್ಯುತ್ತಮ ಚಿತ್ರವಾಗಿದ್ದರೂ. ಮಡಿಕೇರಿ, ಮೈಸೂರು, ಬೆಂಗಳೂರು ಎಲ್ಲ ಅದಾದ ಮೇಲೆ.

ಹಣದ ಮಾತನ್ನು ಬಿಡಿಸುವ ಮುಂಚೆಯೇ ಆಡಿ ಮುಗಿಸಿ. ಚಿತ್ರದ ಹಕ್ಕು ಕಾನೂನಿನ ಪ್ರಕಾರ ಬಿಡಿಸಿದವರದ್ದು, ಜೀವಮಾನವಿಡೀ, ಆಮೇಲೆ 60 ವರ್ಷ. ಬಿಡಿಸಿಕೊಂಡವರಿಗೆ ಆ ಕಾನೂನು ಏನೂ ಕೊಡೋದಿಲ್ಲ. ಹಾಗಾಗಿ ನೀವೇ ಕೊಡಬೇಕು. ಒಂದು ಪ್ರತಿ ಉಚಿತ, ಅದೂ ಫ್ರೇಮ್ ಹಾಕಿಸಿ, ಜೊತೆಗೆ ಮಾರಿದ ಹಣದಲ್ಲಿ ಒಂದು ಪಾಲು. ಎಷ್ಟು ಅಂತ ಇಬ್ಬರೂ ಸೇರಿ ಮಾತಾಡಿ, ಒಂದು ಚೀಟಿಯಲ್ಲಿ ಬರೆದು ಅವರಿಗೂ ಕೊಡಿ. ನೆನಪಿನ ನಕ್ಷೆಯನ್ನು ಮಾತ್ರ ಮಾರಲೇಬೇಡಿ.

ಪ್ರತಿ ಚಿತ್ರದ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ಊರು, ತಿಂಗಳು, ವರ್ಷ, ಯಾವ ಕಾಗದ, ಯಾವ ಶಾಯಿ, ಮಣ್ಣಾದರೆ ಯಾರು ಕೊಟ್ಟದ್ದು, ಚಿತ್ರದಲ್ಲಿ ಇರುವವರು ಒಪ್ಪಿದ್ದರೆ ಅವರ ಹೆಸರು ಇಷ್ಟನ್ನೂ ಬರೆಯಿರಿ. ಬಾಲ್ ಪೆನ್ ಬೇಡ, ಮುಂದಿನ ಬದಿಗೆ ಗೆರೆ ಒತ್ತುತ್ತದೆ.